ಕೆರೆಗೆ ಪಟಿಕ

ಕೊಳಚೆ ಕಾಲುವೆ ಮುಚ್ಚಿಸಿ ಆರು ವರ್ಷವಾದರೂ ಕೆರೆಯ ಹಸಿರು ಹೋಗಿರಲಿಲ್ಲ. ತಳದ ಕೆಸರೇ ತನ್ನೊಳಗಿನ ಹಳೆಯ ರಂಜಕವನ್ನು ಬೇಸಿಗೆಯಲ್ಲಿ ಮೇಲಕ್ಕೆ ಬಿಟ್ಟು ಪಾಚಿಯನ್ನು ಸಾಕುತ್ತಿದೆ ಎಂದು ತೋರಿಸಿಕೊಟ್ಟವಳು ಕ್ಷೌರದಂಗಡಿಯವನ ಮಗಳು. ಪಟಿಕದ ದ್ರಾವಣ ಸುರಿದು ಆ ರಂಜಕವನ್ನು ಕೆಸರಲ್ಲೇ ಕಟ್ಟಿಹಾಕುವ ಕೆಲಸಕ್ಕೂ ಅವಳದೇ ಉಸ್ತುವಾರಿ. ಅಪ್ಪನ ಸಂಭ್ರಮ ಕೇಳಬೇಕೇ! ಒಂದು ವಾರದಿಂದ ಈ ಕತೆ ಕೇಳದೆ ಯಾವ ಗಿರಾಕಿಯೂ ಕುರ್ಚಿ ಬಿಟ್ಟು ಎದ್ದಿರಲಿಲ್ಲ.

“ಗಡ್ಡ ಕೆರೆದ ಮೇಲೆ ನೀನು ಉಜ್ಜೋದೂ ಪಟಿಕ, ಮಗಳು ಕೆರೆಗೆ ಸುರಿಯೋದೂ ಪಟಿಕ. ಅಪ್ಪನ ಕಸುಬು ಬಿಡಲಿಲ್ಲ ನೋಡು!” ಎಂದು ಮುಖಕ್ಕೆ ನೊರೆ ಹಚ್ಚಿಸಿಕೊಂಡಿದ್ದ ಟೈಲರ್ ಕಿಚಾಯಿಸಿದ.

“ನಗು, ನಗು. ಸಂಜೆಯೊಳಗೆ ಮುಗಿಸಿ ತೋರಿಸ್ತಾಳೆ.”

ಹನ್ನೊಂದು ಗಂಟೆಗೆ, ಕೆರೆಯಲ್ಲಿ ಪಟಿಕ ಸುರಿಯುತ್ತಿದ್ದ ಬೋಟಿನ ಸದ್ದು ನಿಂತಿತು. ನಿಲ್ಲಿಸಿದ್ದು ನಿನ್ನ ಮಗಳೇ ಎಂದು ಯಾರೋ ಬಂದು ಹೇಳಿದರು. ಇಷ್ಟು ದಿನ ಕೊಚ್ಚಿಕೊಂಡದ್ದೆಲ್ಲ ಈಗ ಅವಳ ತಲೆಗೇ ಬಂತಲ್ಲ ಎಂದುಕೊಂಡು ಅಪ್ಪ ದಡಕ್ಕೆ ಓಡಿದ. ಟೈಲರ್ ನೊರೆ ಒರೆಸಿಕೊಳ್ಳುತ್ತ ಹಿಂದೆಯೇ ಬಂದ.

“ಸಂಜೆ ಮೇಲಿನವರು ಬರ್ತಾರೆ. ಅರ್ಧ ಕೆರೆ ತೋರಿಸ್ಲಾ ಅವರಿಗೆ?” ನಗರಸಭೆಯ ಇಂಜಿನಿಯರ್ ಮಗಳ ಮೇಲೆ ಕೂಗಾಡುತ್ತಿದ್ದ.

“ಅರ್ಧನೇ ತೋರಿಸಿ ಸಾರ್. ನೀರು ಹುಳಿಗೆ ತಿರುಗ್ತಾ ಇದೆ. ಹೀಗೇ ಸುರಿದ್ರೆ ಮೀನೆಲ್ಲ ಹೊಟ್ಟೆ ಮೇಲೆ ಮಾಡ್ಕೊಂಡು ತೇಲ್ತವೆ. ಪಟಿಕದ ಜೊತೆ ಹುಳಿ ಮುರಿಯೋ ಸೋಡಾ ಇನ್ನೂ ಜಾಸ್ತಿ ಬೇಕಿತ್ತು. ಲೆಕ್ಕ ಹಾಕಿದ್ದು ನಾನು, ತಪ್ಪಿದ್ದೂ ನಾನೇ.”

“ಹಾಗಂತ ಬರ್ಕೊಡ್ತೀಯೇನಮ್ಮ?”

“ಪೆನ್ನು ಕೊಡಿ.”

ದಡದಲ್ಲಿ ನಿಂತಿದ್ದ ಪಟಿಕದ ಟ್ಯಾಂಕರಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು, ಎಲ್ಲರೆದುರೇ ಬರೆದು ಸಹಿ ಹಾಕಿದಳು.

“ಏನಯ್ಯಾ, ಮಗಳ ಲೆಕ್ಕ ತಪ್ಪಿತಂತಲ್ಲ?” ಟೈಲರ್ ಮೊಣಕೈಯಲ್ಲಿ ತಿವಿದ.

ಮೂವತ್ತು ವರ್ಷದಲ್ಲಿ ಬ್ಲೇಡು ತಾಗಿ ಯಾರ ಕೆನ್ನೆಯಲ್ಲಿ ರಕ್ತ ಬಂದರೂ “ನೀವೇ ಅಲ್ಲಾಡಿದ್ರಿ” ಎಂದು ಸಾಧಿಸಿದ ಗಂಡಸು ಅವನು. ಅವನ ಕಣ್ಣು ತುಂಬಿ ಬಂತು.

“ತಪ್ಪಿತು ಕಣೋ! ತಪ್ಪಿತು ಅಂತ ಅವಳೇ ಬರ್ಕೊಟ್ಟಳು. ನಿನ್ನ ಕೈಲಾಗುತ್ತಾ? ನನ್ನ ಕೈಲಂತೂ ಆಗಲಿಲ್ಲ ಇವತ್ತಿನವರೆಗೂ!” ಎಂದ. ಆ ದನಿಗೆ ಇಂಜಿನಿಯರೂ ತಿರುಗಿ ನೋಡಿದ.

ಸೋಡಾ ಬಂದು, ನಾಲ್ಕನೆಯ ದಿನ ಉಳಿದರ್ಧವೂ ಮುಗಿಯಿತು. ಒಂದು ಮೀನೂ ಸಾಯಲಿಲ್ಲ. ಆ ಬೇಸಿಗೆಯಲ್ಲಿ ನೀರು ತಿಳಿಯಾಗಿ, ದಡದಲ್ಲಿ ನಿಂತವರಿಗೆ ತಳದ ಕಲ್ಲು ಕಾಣತೊಡಗಿತು. ಮಗಳ ವಿಷಯ ಯಾರಾದರೂ ಎತ್ತಿದರೆ ಸಾಕು, ಅಪ್ಪ ಮೊದಲು ಹೇಳುವುದು ಅವಳ ಲೆಕ್ಕ ತಪ್ಪಿದ ದಿನದ ಕತೆ.