ಹೆಕ್ಸೇನ್ ಬಾಟಲಿಯ ಗೆರೆ

ಗುರುಬಸವ್ವ ನೀರನ್ನೂ ಒಮ್ಮೆ ತೊಳೆದೇ ಕುಡಿಯುತ್ತಾಳೆ ಎಂಬ ಚೇಷ್ಟೆಯ ಮಾತೊಂದು ದಾಂಡೇಲಿಯ ಆ ಕಾಲೇಜಿನಲ್ಲಿತ್ತು. ಅದನ್ನು ಹುಟ್ಟಿಸಿದವಳು ಗ್ರಂಥಾಲಯದ ತರನ್ನುಮ. ಗುರುಬಸವ್ವನಿಗೆ ಅದರಿಂದ ಬೇಜಾರೇನೂ ಆಗಿರಲಿಲ್ಲ, ಒಳಗೊಳಗೇ ಒಂದಿಷ್ಟು ಹೆಮ್ಮೆಯೇ ಇತ್ತು. ರಸಾಯನಶಾಸ್ತ್ರ ವಿಭಾಗದ ಅಟೆಂಡರ್ ಆಗಿ ಹತ್ತೊಂಬತ್ತು ವರ್ಷದಿಂದ ಅಲ್ಲಿನ ಗಾಜನ್ನೆಲ್ಲ ತೊಳೆದದ್ದು ಅವಳ ಕೈಯೇ. ಕತ್ತಲೆ ಕೋಣೆಯ ಕೀಲಿಯೂ ಅವಳ ಸೊಂಟದಲ್ಲೇ ಇರುತ್ತಿತ್ತು. ಅಲ್ಲಿ ಬೆಳಕು ಅಳೆಯುವ ಯಂತ್ರ, ಅದರ ಪಕ್ಕ ಒಂದು ನೇರಳೆ ದೀಪ, ಹತ್ತಿಯೊಳಗೆ ಮಲಗಿಸಿಟ್ಟ ನಾಲ್ಕು ಸೆಲ್‌ಗಳು. ಸೆಲ್ ಅಂದರೆ ಬೆರಳುದ್ದದ, ನಾಲ್ಕು ಮಗ್ಗುಲಿನ ಗಾಜಿನ ಡಬ್ಬಿ. ಒಂದು ಒಡೆದರೆ ಇನ್ನೊಂದು ಬರುವುದಕ್ಕೆ ವರ್ಷ ಹಿಡಿಯುತ್ತಿತ್ತು. ಹತ್ತೊಂಬತ್ತು ವರ್ಷದಲ್ಲಿ ಒಂದೂ ಒಡೆದಿರಲಿಲ್ಲ.

ಅವಳದೊಂದು ರೂಢಿಯಿತ್ತು. ಹಿಂದೆ ರೇಶನ್ನಿನ ಸೀಮೆಎಣ್ಣೆ ತಂದಾಗ ಬಾಟಲಿಗೆ ಗೆರೆ ಎಳೆದು, ದಿನಾ ಎಷ್ಟು ಉರಿಯಿತೆಂದು ನೋಡಿಕೊಳ್ಳುತ್ತಿದ್ದಳು. ಕಾಲೇಜಿನಲ್ಲೂ ಹಾಗೇ. ಬಳಕೆಯಲ್ಲಿದ್ದ ದ್ರಾವಕಗಳ ಬಾಟಲಿಗಳನ್ನು ಸಂಜೆ ಐದಕ್ಕೆ ಕಿಟಕಿಯ ಬೆಳಕಿಗೆ ಹಿಡಿದು, ಒಳಗಿನ ದ್ರವ ನಿಂತ ಮಟ್ಟಕ್ಕೆ ಲೇಬಲ್ಲಿನ ಮೇಲೆ ಪೆನ್ಸಿಲ್ಲಿನ ಗೆರೆ ಎಳೆದು ತಾರೀಖು ಬರೆಯುತ್ತಿದ್ದಳು. ಹಾಗೆ ಮಾಡೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಆ ಗೆರೆಗಳನ್ನು ಯಾರೂ ಓದುತ್ತಲೂ ಇರಲಿಲ್ಲ.

ಎರಡು ವರ್ಷದ ಹಿಂದೆ ಪೂರ್ಣಿಮಾ ಅದೇ ವಿಭಾಗಕ್ಕೆ ಅತಿಥಿ ಉಪನ್ಯಾಸಕಿಯಾಗಿ ಬಂದಾಗ ಗುರುಬಸವ್ವ ಆ ದಿನ ಇಡೀ ವಿಭಾಗಕ್ಕೆ ಚುರಮುರಿ ಮಾಡಿಕೊಂಡು ಹೋಗಿದ್ದಳು. ಕಾರಣವಿತ್ತು. ಪೂರ್ಣಿಮಾಳ ತಾಯಿ ನಿರ್ಮಲಾ, ಮಿಲ್ಲಿನ ಕ್ವಾರ್ಟರ್ಸಿನಲ್ಲಿ ಇವಳ ಗೋಡೆಗೆ ಗೋಡೆ ತಾಗಿದ ಮನೆಯವಳು. ನಿರ್ಮಲಾ ಅರಣ್ಯ ಇಲಾಖೆಯ ನರ್ಸರಿಗೆ ಸಸಿ ಚೀಲ ತುಂಬಲು ಹೋದ ದಿನಗಳಲ್ಲೆಲ್ಲ ಮಗು ಇವಳ ಅಡುಗೆಮನೆಯಲ್ಲೇ ಬೆಳೆಯಿತು. ಇವಳನ್ನೇ ಅವ್ವಾ ಎಂದಿತು. ಹೆತ್ತವಳನ್ನು ಮಮ್ಮಿ ಎಂದಿತು.

ಪೂರ್ಣಿಮಾ ಧಾರವಾಡದ ಗೈಡ್ ಒಬ್ಬರ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದಳು. ಒಂದು ಬಣ್ಣದ ಪುಡಿ, ಅದನ್ನು ಬೇರೆಬೇರೆ ದ್ರಾವಕಗಳಲ್ಲಿ ಕರಗಿಸಿ, ಅದು ಎಂಥ ಬೆಳಕು ಹೀರುತ್ತದೆ, ಎಂಥದನ್ನು ತಿರುಗಿ ಬಿಡುತ್ತದೆ ಎಂದು ಅಳೆಯುವುದು ಅವಳ ಕೆಲಸ. ಮೊದಲ ದಿನ ಅವಳು ಗುರುಬಸವ್ವನನ್ನು ಕತ್ತಲೆ ಕೋಣೆಗೆ ಕರೆದು ಬಾಗಿಲು ಹಾಕಿ ನೇರಳೆ ದೀಪ ಹಚ್ಚಿದ್ದಳು. ಎರಡು ಸೆಲ್‌ಗಳಲ್ಲಿ ಒಂದೇ ಪುಡಿ. ಹೆಕ್ಸೇನ್ ಎಂಬ ದ್ರಾವಕದಲ್ಲಿದ್ದದ್ದು ನೀಲಿಯಾಗಿ ಹೊಳೆಯಿತು. ಎಥನಾಲ್‌ನಲ್ಲಿದ್ದದ್ದು ಎಳೆ ಬತ್ತದ ಪೈರಿನಂತೆ ಹಸಿರಾಯಿತು. ಗುರುಬಸವ್ವ ಬಾಯಿ ತೆರೆದುಕೊಂಡು ನಿಂತಿದ್ದಳು.

"ಪುಡಿ ಎರಡರಾಗೂ ಒಂದ ಅವ್ವಾ," ಎಂದಿದ್ದಳು ಪೂರ್ಣಿಮಾ. "ಬೆಳಕ ಕುಡದ ಮ್ಯಾಲೆ ಅದು ಒಂದ ಚಣ ತಡದ ನಿಲ್ಲತೈತಿ. ಅಷ್ಟರಾಗ ಎಥನಾಲ್ ಅದರ ಸುತ್ತ ಹೊಳ್ಳಿ ಕುಂದರತೈತಿ, ಸಮಾಧಾನ ಮಾಡತೈತಿ. ಸಮಾಧಾನ ಆದಷ್ಟು ಬೆಳಕಿನ ಜೋರು ಕಡಿಮಿ ಆಗಿ ಹಸಿರ ಬರತೈತಿ. ಹೆಕ್ಸೇನ್‌ಗೆ ಇದರ ಗೊಡವಿನ ಇಲ್ಲ. ಅದಕ್ಕ ಕುಡದಾಗಿನ ಜೋರು ಹಂಗ ಉಳದು ನೀಲಿ."

ಹೆಕ್ಸೇನ್‌ನಲ್ಲಿ ಎಥನಾಲ್ ಒಂದಿಷ್ಟು ಬೆರೆತರೂ ಪುಡಿ ಅದನ್ನೇ ಹುಡುಕಿ ಸುತ್ತ ಎಳೆದುಕೊಳ್ಳುತ್ತದೆ, ನೀಲಿ ಹಸಿರಿಗೆ ತಿರುಗಿಬಿಡುತ್ತದೆ, ಅದಕ್ಕೇ ಸೆಲ್ ಚೊಕ್ಕ ಇರಬೇಕು ಎಂದೂ ಹೇಳಿದ್ದಳು. ಅಂದಿನಿಂದ ಗುರುಬಸವ್ವ ಸೆಲ್‌ಗಳನ್ನು ಇನ್ನೂ ಎರಡು ಸಲ ಹೆಚ್ಚಿಗೆ ತೊಳೆಯತೊಡಗಿದಳು.

ಈ ಸಲದ ಆಷಾಢದಲ್ಲಿ ಒಂದು ಶನಿವಾರ ಗುರುಬಸವ್ವನಿಗೆ ಅವಸರವಿತ್ತು. ಹಳಿಯಾಳದಲ್ಲಿ ತಂಗಿಯ ಮೊಮ್ಮಗಳಿಗೆ ತೊಟ್ಟಿಲು. ಸೋಮವಾರ ರಜೆ ಬರೆದುಕೊಟ್ಟಿದ್ದಳು. ಸೋಮವಾರ ಪೂರ್ಣಿಮಾ ಹೆಕ್ಸೇನ್‌ನ ಕೊನೆಯ ಅಳತೆ ತೆಗೆಯುವವಳಿದ್ದಳು, ಅದಕ್ಕಾಗಿ ಶನಿವಾರವೇ ಸೆಲ್‌ಗಳನ್ನು ತೊಳೆದು ಹತ್ತಿಯಲ್ಲಿಟ್ಟು, ಬಾಟಲಿಗಳಿಗೆ ಗೆರೆ ಎಳೆದು, ಕೀಲಿಯನ್ನು ಪೂರ್ಣಿಮಾಳ ಕೈಗೆ ಕೊಟ್ಟು ಐದೂಕಾಲಿನ ಬಸ್ಸಿಗೆ ಓಡಿದ್ದಳು.

ಮಂಗಳವಾರ ಪೂರ್ಣಿಮಾ ಕೋಷ್ಟಕವನ್ನು ಧಾರವಾಡಕ್ಕೆ ಕಳಿಸಿದಳು. ಮಧ್ಯಾಹ್ನವೇ ಗೈಡ್ ಫೋನ್ ಮಾಡಿದರು. ಹೆಕ್ಸೇನ್‌ನ ಅಳತೆ ಹೆಕ್ಸೇನ್‌ನಂತಿಲ್ಲ, ಎಥನಾಲ್‌ನ ಕಡೆಗೆ ವಾಲಿದೆ, ಹೇಗಾಯಿತೆಂದು ವಿಭಾಗದ ಮುಖ್ಯಸ್ಥರ ಸಹಿಯೊಂದಿಗೆ ಬರೆದು ಕಳಿಸು ಎಂದರು.

ಬುಧವಾರ ಬೆಳಿಗ್ಗೆ ಪೂರ್ಣಿಮಾ ಕೀಲಿ ತಿರುಗಿ ಕೊಟ್ಟಳು. ಅಂದೇ ಮುಖ್ಯಸ್ಥ ಮಹಾಬಳೇಶ್ವರ ಸರ್ ಗುರುಬಸವ್ವನನ್ನು ಕರೆಸಿದರು. ಕೂರಲು ಹೇಳಿದರು. ಅವರು ಹಾಗೆ ಹೇಳಿದ್ದರಿಂದಲೇ ಅವಳಿಗೆ ದಿಗಿಲಾಯಿತು. ಮೇಜಿನ ಮೇಲೆ ಪೂರ್ಣಿಮಾಳ ಬರಹದ ಒಂದು ಹಾಳೆ ಇತ್ತು. ಸೆಲ್‌ಗಳನ್ನು ಅಟೆಂಡರ್ ಎಥನಾಲ್‌ನಲ್ಲಿ ಜಾಲಿಸಿ ಒಣಗಿಸದೆ ಇಟ್ಟದ್ದರಿಂದ ಅಳತೆ ಕೆಟ್ಟಿದೆ ಎಂದು ಅದರಲ್ಲಿತ್ತು. ಕೆಳಗೆ ಗುರುಬಸವ್ವನ ಸಹಿಗೆ ಜಾಗ ಬಿಟ್ಟಿತ್ತು. ಸರ್ ಗಟ್ಟಿಯಾಗಿ ಒಂದು ಮಾತನ್ನೂ ಆಡಲಿಲ್ಲ. ವಯಸ್ಸಾಯಿತು, ಆಗುತ್ತದೆ, ಶುಕ್ರವಾರ ಸಹಿ ಮಾಡಿಕೊಡಿ, ಸೋಮವಾರದಿಂದ ಆಫೀಸಿನ ಕಡೆಗೆ ಬಂದುಬಿಡಿ, ಕತ್ತಲೆ ಕೋಣೆಯ ಕೀಲಿಯನ್ನು ಪೂರ್ಣಿಮಾ ಮೇಡಂಗೆ ಕೊಡಿ ಎಂದರು.

ಗುರುಬಸವ್ವ ಅದನ್ನು ನಂಬಿದಳು. ಪೂರ್ಣಿ ಬರೆದಿದ್ದಾಳೆ ಅಂದ ಮೇಲೆ ನಂಬದೆ ಏನು? ಮನೆಗೆ ಹೋದವಳು ಮಿಲ್ಲಿನಿಂದ ನಿವೃತ್ತನಾಗಿದ್ದ ಗಂಡ ದ್ಯಾಮಪ್ಪನ ಮುಂದೆ ಶನಿವಾರ ತಾನು ಮಾಡಿದ್ದನ್ನೆಲ್ಲ ಒಂದೊಂದಾಗಿ ಹೇಳಿದಳು. ಸಾಬೂನು ನೀರು, ಆಮೇಲೆ ನೀರು, ಆಮೇಲೆ ಎಥನಾಲ್, ಕಡೆಗೆ ಬೇಗ ಒಣಗಲೆಂದು ಅಸಿಟೋನ್. ಬೋರಲು ಹಾಕಿದ್ದೆ. ಮಳೆಗಾಲ, ಗಾಳಿಯೆಲ್ಲ ತೇವ. ಅಸಿಟೋನ್ ಹಾಕಿದ್ದೆನೋ ಬಿಟ್ಟಿದ್ದೆನೋ? ಬಸ್ಸಿನ ಧ್ಯಾನದಲ್ಲಿ ಬಿಟ್ಟೇ ಇದ್ದಿರಬೇಕು. ದ್ಯಾಮಪ್ಪ, ಒಂದು ಸಹಿ ತಾನೆ, ಮಾಡಿ ಸುಮ್ಮನಾಗು, ಆಫೀಸಿನಲ್ಲಾದರೆ ಫ್ಯಾನಿನ ಕೆಳಗೆ ಕೂತಿರಬಹುದು ಎಂದ. ತನ್ನ ಕೈ ಕೊಳೆ ಎಂದು ತಾನೇ ಬರೆದುಕೊಡಬೇಕಲ್ಲ ಎಂಬುದು ಅವನಿಗೆ ತಿಳಿಯಲಿಲ್ಲ. ಅಂದು ಅವಳು ಊಟದ ತಟ್ಟೆಗಳನ್ನು ತೊಳೆದು, ಮತ್ತೆ ಮೂಸಿ ನೋಡಿ, ಮತ್ತೆ ತೊಳೆದಳು.

ಗುರುವಾರ, ಬಿಟ್ಟುಹೋಗುವ ಕೋಣೆಯಲ್ಲವೇ, ಎಲ್ಲ ನೇರ್ಪಾಗಿ ಇಟ್ಟು ಹೋಗೋಣ ಎಂದು ಕಪಾಟಿನ ಬಾಟಲಿಗಳನ್ನು ಇಳಿಸಿ ಒರೆಸತೊಡಗಿದಳು. ಹೆಕ್ಸೇನ್ ಬಾಟಲಿ ಕೈಗೆ ಬಂತು. ರೂಢಿಯಂತೆ ಕಿಟಕಿಗೆ ಹಿಡಿದಳು. ಕೊನೆಯ ಗೆರೆ ಶನಿವಾರದ್ದು, ಅವಳದೇ ತಾರೀಖು. ಮಂಗಳವಾರ ಕೀಲಿ ಇನ್ನೂ ಪೂರ್ಣಿಮಾಳ ಹತ್ತಿರವಿತ್ತು, ಬುಧವಾರ ಅವಳಿಗೆ ಗೆರೆಯ ನೆನಪೇ ಆಗಿರಲಿಲ್ಲ. ದ್ರವ ಗೆರೆಗಿಂತ ಕೆಳಗಿರಬೇಕು, ಯಾಕೆಂದರೆ ಸೋಮವಾರ ಪೂರ್ಣಿಮಾ ಅದರಿಂದ ತೆಗೆದಿದ್ದಳು.

ದ್ರವ ಗೆರೆಗಿಂತ ಅರ್ಧ ಬೆರಳು ಮೇಲಿತ್ತು.

ಅವಳು ಬಾಟಲಿಯನ್ನು ಕೆಳಗಿಟ್ಟು, ಕನ್ನಡಕ ಒರೆಸಿಕೊಂಡು ಮತ್ತೆ ಹಿಡಿದಳು. ಬಳಸಿದ ಬಾಟಲಿ ತನ್ನಷ್ಟಕ್ಕೆ ತಾನೇ ತುಂಬುವುದಿಲ್ಲ. ಬಿರಡೆ ತೆಗೆದು ಮೂಸಿದಳು, ಪೆಟ್ರೋಲಿನಂಥ ವಾಸನೆಯಲ್ಲಿ ಬೇರೇನೂ ತಿಳಿಯಲಿಲ್ಲ. ಆಗ ಹೊಸ ಪ್ರನಾಳವೊಂದರಲ್ಲಿ ಒಂದಿಷ್ಟು ಸುರಿದು, ಚಮಚದ ತುದಿಗೆ ಅಂಟಿದ್ದ ಪುಡಿಯ ಕಣ ಹಾಕಿ, ಕತ್ತಲೆ ಕೋಣೆಯ ಕಿಟಕಿ ಮುಚ್ಚಿ ನೇರಳೆ ದೀಪ ಹಚ್ಚಿದಳು. ಹಸಿರು.

ಸಂತೋಷವಾಗಬೇಕಿತ್ತು, ಆಯಿತು ಕೂಡ, ಒಂದು ಗಳಿಗೆ. ಪಾಪ, ಪೂರ್ಣಿಗೆ ಇದು ಗೊತ್ತೇ ಇಲ್ಲ, ಹೇಳಿದರೆ ಅವಳೇ ಆ ಹಾಳೆ ಹರಿದುಹಾಕುತ್ತಾಳೆ ಎಂದುಕೊಂಡು ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅವಳಿದ್ದಲ್ಲಿಗೆ ಹೋದಳು. ಪೂರ್ಣಿಮಾ ಖಾಲಿ ತರಗತಿಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಗುರುಬಸವ್ವ ಗೆರೆ ತೋರಿಸಿದಳು, ಹಸಿರಿನ ಮಾತು ಹೇಳಿದಳು. ಪೂರ್ಣಿಮಾ ಬಾಟಲಿಯ ಕಡೆ ನೋಡಲೇ ಇಲ್ಲ. ಕೆಂಪು ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು.

"ಗೊತ್ತಿತ್ತೇನ ನಿನಗ?" ಎಂದಳು ಗುರುಬಸವ್ವ.

"ಮಂಗಳವಾರ ಗೊತ್ತಾತು. ಗೈಡ್ ಫೋನ್ ಮಾಡಿದ ಮ್ಯಾಲೆ ಲೈಟ್ ಹಚ್ಚಿ ನೋಡಿದೆ."

"ಹಾಳಿ ಬರದದ್ದು ಬುಧವಾರ."

ಪೂರ್ಣಿಮಾ ತಲೆ ತಗ್ಗಿಸಿದಳು. ಶನಿವಾರ ನೀ ಹೋದ ಮೇಲೆ ಬೀಕರಿನಲ್ಲಿ ಉಳಿದದ್ದನ್ನು ಹೆಕ್ಸೇನ್ ಎಂದೇ ತಿಳಿದು ಬಾಟಲಿಗೆ ತಿರುಗಿ ಸುರಿದೆ, ಅದು ಎಥನಾಲ್ ಇತ್ತು, ಎರಡೂ ನೀರಿನ ಹಾಗೇ ಕಾಣುತ್ತವಲ್ಲ ಎಂದಳು. ತೆಗೆದದ್ದನ್ನು ಬಾಟಲಿಗೆ ತಿರುಗಿ ಹಾಕಬಾರದೆಂಬುದು ಪ್ರಯೋಗಾಲಯದ ಮೊದಲ ಪಾಠ, ಮಕ್ಕಳಿಗೆ ನಾನೇ ಹೇಳಿಕೊಡುತ್ತೇನೆ ಎಂದೂ ಒಪ್ಪಿಕೊಂಡಳು.

"ಚೆಲ್ಲಾಕ ಮನಸ ಬರಲಿಲ್ಲ ಅವ್ವಾ. ನೀನ ಕಲಿಸಿದ್ದಲ್ಲ, ಹನಿನೂ ಕೆಡಸಬಾರ್ದು ಅಂತ."

ಹೌದು, ಕಲಿಸಿದ್ದಳು. ಹಬ್ಬದಲ್ಲಿ ಕರಿದುಳಿದ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ ಡಬ್ಬಿಗೆ ತಿರುಗಿ ಹಾಕುವಾಗ ಡಬ್ಬಿ ಹಿಡಿದುಕೊಳ್ಳುತ್ತಿದ್ದವಳು ಇದೇ ಪೂರ್ಣಿ. ಒಂದು ಹನಿ ಹೊರಗೆ ಬಿದ್ದರೆ ಬೆರಳಿನಿಂದ ಒರೆಸಿ ತಲೆಗೆ ಹಚ್ಚಿಕೊಳ್ಳುತ್ತಿದ್ದಳು. ಗುರುಬಸವ್ವನಿಗೆ ಆ ಎಣ್ಣೆಯ ಘಮ ಮೂಗಿಗೆ ಬಂದಂತಾಯಿತು.

"ತಪ್ಪು ಯಾರಿಂದನೂ ಆಗತೈತಿ," ಎಂದಳು. "ನನ್ನ ಹೆಸರ ಯಾಕ ಬರದಿ?"

"ನಿನ್ನ ಮ್ಯಾಲೆ ಬಂದ್ರ ಏನಾಗತೈತಿ? ಆಫೀಸಿಗೆ ಹಾಕ್ತಾರ, ಅಷ್ಟ. ನನ್ನ ಮ್ಯಾಲೆ ಬಂದ್ರ ಗೈಡ್ ಇನ್ನ ಮ್ಯಾಲೆ ನನ್ನ ಒಂದ ಅಳತಿನೂ ನಂಬಂಗಿಲ್ಲ. ಬ್ಯಾರೆದವರ ಹೆಸರ ಹೆಂಗ ಬರೀಲಿ ಅವ್ವಾ? ನೀ ನಮ್ಮಾಕಿ ಅಂತನ ಬರದೆ."

ಗುರುಬಸವ್ವ ಬಾಟಲಿಯನ್ನು ಮತ್ತೆ ಸೆರಗಿನಲ್ಲಿ ಮುಚ್ಚಿಕೊಂಡಳು. ನಮ್ಮಾಕಿ ಎಂಬ ಮಾತಿಗೆ ಇಂಥ ಉಪಯೋಗವೂ ಇದೆ ಎಂದು ಅರವತ್ತಕ್ಕೆ ಹತ್ತಿರವಾದ ವಯಸ್ಸಿನಲ್ಲಿ ತಿಳಿಯಬೇಕಾಗಿತ್ತು. ಬುಧವಾರದಿಂದ ತಾನು ಬಿಡದ ಅಸಿಟೋನನ್ನು ಬಿಟ್ಟೆ ಬಿಟ್ಟೆ ಎಂದು ಕೊರಗಿದ್ದು ನೆನಪಾಯಿತು. ಅಷ್ಟೂ ಹೊತ್ತು ಇವಳಿಗೆ ಗೊತ್ತಿತ್ತು. ನಿನ್ನೆ ಮಧ್ಯಾಹ್ನ ಇವಳು ಗುರುಬಸವ್ವನ ಡಬ್ಬಿಯಿಂದಲೇ ರೊಟ್ಟಿ ಮುರಿದುಕೊಂಡು ತಿಂದಿದ್ದಳು, ಪುಂಡಿಪಲ್ಲೆಗೆ ಉಪ್ಪು ಸಾಲದು ಎಂದು ನಕ್ಕಿದ್ದಳು. ಆಗಲೂ ಗೊತ್ತಿತ್ತು.

ಬಾಗಿಲವರೆಗೆ ಬಂದಾಗ ಪೂರ್ಣಿಮಾ ಹಿಂದಿನಿಂದ, ಆ ಬಾಟಲಿ ಇಲ್ಲೇ ಇಟ್ಟುಹೋಗು ಎಂದಳು. ಗುರುಬಸವ್ವ ಅದನ್ನು ಸೆರಗಿನಲ್ಲೇ ಇಟ್ಟುಕೊಂಡು ನಡೆದಳು.

ಶುಕ್ರವಾರ ಹನ್ನೊಂದಕ್ಕೆ ಮಹಾಬಳೇಶ್ವರ ಸರ್ ಹಾಳೆಯನ್ನೂ ಪೆನ್ನನ್ನೂ ಮುಂದಿಟ್ಟರು. ಪೂರ್ಣಿಮಾ ಕಿಟಕಿಯ ಹತ್ತಿರ ನಿಂತಿದ್ದಳು. ಗುರುಬಸವ್ವ ಹಾಳೆಯನ್ನು ಇಡಿಯಾಗಿ, ಅಕ್ಷರ ಬಿಡದೆ ಓದಿ, ಸರ್, ಸಹಿ ಮಾಡುವ ಮೊದಲು ಒಂದು ಸಲ ಕತ್ತಲೆ ಕೋಣೆಗೆ ಬನ್ನಿ ಎಂದಳು. ಸರ್ ಗಡಿಯಾರ ನೋಡಿದರು, ಆದರೂ ಎದ್ದರು.

ಅವಳು ಯಾವುದನ್ನೂ ಮುಟ್ಟಲಿಲ್ಲ. ಪ್ರನಾಳಗಳ ಹೊಸ ಪೆಟ್ಟಿಗೆಯನ್ನು ಸರ್ ಕೈಯಿಂದಲೇ ಒಡೆಸಿದಳು. ಸೀಲು ತೆಗೆಯದ ಹೆಕ್ಸೇನ್‌ನಿಂದ ಒಂದಕ್ಕೆ, ಬಳಕೆಯ ಬಾಟಲಿಯಿಂದ ಇನ್ನೊಂದಕ್ಕೆ ಅವರಿಂದಲೇ ಹಾಕಿಸಿದಳು. ಪುಡಿಯನ್ನೂ ಅವರೇ ಹಾಕಿದರು.

"ಇದರಾಗ ನಾ ತೊಳದದ್ದು ಒಂದೂ ಇಲ್ರಿ ಸರ್," ಎಂದು ದೀಪ ಹಚ್ಚಿದಳು.

ಒಂದು ನೀಲಿ. ಒಂದು ಹಸಿರು.

ಸರ್ ಎರಡನ್ನೂ ಎತ್ತಿ ದೀಪದ ಹತ್ತಿರ ಹಿಡಿದು ನೋಡಿದರು. ಆಮೇಲೆ ಅವಳು ಕಿಟಕಿ ತೆರೆದು ಬಾಟಲಿಯನ್ನು ಬೆಳಕಿಗೆ ಹಿಡಿದು ಶನಿವಾರದ ಗೆರೆ ತೋರಿಸಿದಳು. ಯಾರು ಸುರಿದರು ಎಂದು ಸರ್ ಕೇಳಿದರು. ಗುರುಬಸವ್ವ ಹೆಸರು ಹೇಳಲಿಲ್ಲ. ಮುಚ್ಚಿಡುವುದಕ್ಕಲ್ಲ, ಆ ಹೆಸರನ್ನು ಇಷ್ಟು ದಿನ ಬೇರೆ ರೀತಿಯಲ್ಲಿ ಕರೆದ ನಾಲಿಗೆ ಅದಕ್ಕೆ ಏಳಲಿಲ್ಲ. ಬಾಟಲಿಯನ್ನು ಹಿಡಿದುಕೊಂಡೇ ಕಾಯ್ದಳು. ಕಾಯುವುದು ಅವಳಿಗೆ ಹೊಸದಲ್ಲ. ಕಡೆಗೆ ಪೂರ್ಣಿಮಾಳೇ, ನಾನು ಸರ್ ಎಂದಳು. ಅಷ್ಟು ಸಣ್ಣ ದನಿ ಅವಳು ಮಗುವಾಗಿದ್ದಾಗಲೂ ತೆಗೆದಿರಲಿಲ್ಲ.

ಸರ್ ಹಾಳೆ ಹರಿದರು. ಗೈಡ್‌ಗೆ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ, ಹೆಕ್ಸೇನ್ ಅಳತೆಗಳನ್ನೆಲ್ಲ ಮೊದಲಿಂದ ತೆಗೆಯಿರಿ ಎಂದು ಪೂರ್ಣಿಮಾಳಿಗೆ ಹೇಳಿದರು. ಗುರುಬಸವ್ವನಿಗೆ, ಕೀಲಿ ನಿಮ್ಮ ಹತ್ತಿರವೇ ಇರಲಿ ಎಂದರು. ಬುಧವಾರ ತಾವೂ ಕೇಳದೆ ನಂಬಿದ್ದಕ್ಕೆ ಏನೋ ಹೇಳಲು ಹೋಗಿ, ಮಳೆ ಹೆಚ್ಚಾಯಿತು ಎಂದು ಹೊರಟುಹೋದರು.

ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ಗುರುಬಸವ್ವ ರೊಟ್ಟಿ ಎಣಿಸಿದಳು. ಬೆಳಿಗ್ಗೆ ಕೈ ತಾನಾಗಿಯೇ ಇಬ್ಬರಿಗಾಗುವಷ್ಟು ಕಟ್ಟಿತ್ತು. ಉಳಿದದ್ದನ್ನು ತರನ್ನುಮಳಿಗೆ ಕೊಟ್ಟಳು. ಇಂದು ನೀರು ತೊಳೆದು ಕುಡಿದಿರಾ ಖಾಲಾ ಎಂದು ತರನ್ನುಮ ಎಂದಿನಂತೆ ಕೆಣಕಿದಳು, ಆಮೇಲೆ ಅವಳ ಮುಖ ನೋಡಿ ತನ್ನ ಡಬ್ಬಿಯನ್ನೂ ಅವಳ ಕಡೆ ಸರಿಸಿದಳು.

ಶನಿವಾರ ಸಂಜೆ ಪೂರ್ಣಿಮಾ ಕತ್ತಲೆ ಕೋಣೆಯ ಬಾಗಿಲಿಗೆ ಬಂದಳು. ಟ್ರೇಯಲ್ಲಿ ನಾಲ್ಕು ಸೆಲ್‌ಗಳು. ಅವಳ ಕಣ್ಣುಗಳು ಊದಿದ್ದವು. ಏನೂ ಆಗದವಳಂತೆ, ಇಲ್ಲವೇ ಏನೂ ಆಗಿರಬಾರದಿತ್ತು ಎಂಬವಳಂತೆ, ಮೊದಲಿನ ದನಿಯಲ್ಲೇ ಕರೆದಳು.

"ಅವ್ವಾ, ಇವಿಷ್ಟು ತೊಳದ ಕೊಡ್ತಿ? ಸೋಮವಾರ ಮತ್ತ ಚಾಲೂ ಮಾಡಬೇಕು."

ಗುರುಬಸವ್ವ ಸ್ಟೂಲಿನಿಂದ ಎದ್ದು ನಿಂತಳು. ಎರಡು ವರ್ಷದಲ್ಲಿ ಇವಳು ಬಂದಾಗ ಎದ್ದು ನಿಂತದ್ದು ಅದೇ ಮೊದಲು.

"ಇಡ್ರಿ ಮೇಡಂ," ಎಂದಳು. "ತೊಳೀತೇನಿ. ಯಾವುದ್ರಾಗ ಏನಿತ್ತು ಅಂತ ಒಂದ ಚೀಟಿ ಮ್ಯಾಲೆ ಬರದ, ಕೆಳಗ ನಿಮ್ಮ ಸಹಿ ಹಾಕಿ ಹೋಗ್ರಿ."

ಪೂರ್ಣಿಮಾ ಟ್ರೇಯನ್ನು ಮೇಜಿನ ಮೇಲಿಟ್ಟಳು. ಅವ್ವಾ ಎಂದು ಮತ್ತೊಮ್ಮೆ ಅನ್ನಲು ಬಾಯಿ ತೆರೆದವಳು ಅನ್ನಲಿಲ್ಲ. ಚೀಟಿ ಹುಡುಕಿ ಬರೆದಳು, ಸಹಿ ಹಾಕಿದಳು, ತಾರೀಖನ್ನೂ ಹಾಕಿದಳು.

ಗುರುಬಸವ್ವ ಚೀಟಿ ಓದಿಕೊಂಡು ಸೆಲ್‌ಗಳನ್ನು ತೊಳೆದಳು. ಸಾಬೂನು ನೀರು, ನೀರು, ಎಥನಾಲ್, ಅಸಿಟೋನ್, ಈ ಸಲ ಪ್ರತಿಯೊಂದನ್ನೂ ಬಾಯಿಬಿಟ್ಟು ಹೇಳಿಕೊಳ್ಳುತ್ತ. ಒಣಗಿದ ಮೇಲೆ ನೇರಳೆ ದೀಪದ ಕೆಳಗೆ ಒಂದೊಂದಾಗಿ ಹಿಡಿದು ನೋಡಿದಳು. ನೀಲಿಯೂ ಇರಲಿಲ್ಲ, ಹಸಿರೂ ಇರಲಿಲ್ಲ. ಹತ್ತಿಯಲ್ಲಿ ಮಲಗಿಸಿ, ಕಪಾಟಿನಿಂದ ಹೊಸ ಹೆಕ್ಸೇನ್ ಬಾಟಲಿ ಇಳಿಸಿ, ಕಿಟಕಿಗೆ ಹಿಡಿದು ಮೊದಲ ಗೆರೆ ಎಳೆದಳು.