ನಿಮ್ಮೋರು ಯಾರಾದ್ರೂ ಇದಾರಾ

ಒಂದಾ, ಎಂದು ಕಂಡಕ್ಟರ್ ಕೇಳಿದ, ಹ್ಞೂಂ ಒಂದೇ, ಎಂದಳು ಯಲ್ಲಮ್ಮ, ಶಿವಮೊಗ್ಗಕ್ಕೆ ಒಂದು, ಬರುವಾಗ ಎರಡು ತಗೋತೀನಿ ಎಂದು ನಾಲಿಗೆಯವರೆಗೆ ಬಂದದ್ದನ್ನು ನುಂಗಿಕೊಂಡಳು, ಅವನಿಗೇನು ಅದನ್ನು ಕಟ್ಟಿಕೊಂಡು, ಅವನಾಗಲೇ ಹಿಂದಿನ ಸೀಟಿಗೆ ಹೋಗಿದ್ದ — ಕಿಟಕಿಯ ಗಾಜು ಗಡಗಡ ಅನ್ನುತ್ತಿದೆ, ಭದ್ರಾವತಿ ನ್ಯೂ ಟೌನಿನ ಕ್ವಾರ್ಟರ್ಸುಗಳು ಸಾಲಾಗಿ ಹಿಂದಕ್ಕೆ ಸರಿಯುತ್ತಿವೆ, ಎಲ್ಲಕ್ಕೂ ಬಾಗಿಲು, ಎಲ್ಲ ಬಾಗಿಲಿಗೂ ನಂಬರು, ಅವಳದ್ದೂ ಈಗ ನಂಬರಿನ ಬಾಗಿಲೇ, ಚರ್ಚಿನ ಹಿಂದಿನ ಖಾಲಿ ಜಾಗದಲ್ಲಿ ಫಾದರ್ ಕಟ್ಟಿಸಿದ ಎಂಟು ಕೋಣೆಗಳಲ್ಲಿ ಐದನೆಯದು, ಬೀದಿಯಲ್ಲಿ ಮಲಗಿ ಬದುಕಿದವರಿಗೆ ಅಂತಲೇ ಕಟ್ಟಿಸಿದ್ದು, ಒಳಗೇ ನಲ್ಲಿ, ಒಳಗಿಂದ ಚಿಲಕ, ಬಾಡಿಗೆ ಕೈಲಾದಷ್ಟು, ಮಂಗಳವಾರ ಬಿ.ಪಿ. ನೋಡುವುದಕ್ಕೆ ನರ್ಸಮ್ಮ, ಯಾವ ದೇವರಿಗೆ ಕೈ ಮುಗಿಯುತ್ತೀಯ ಎಂದು ಕೂಡ ಯಾರೂ ಕೇಳಲಿಲ್ಲ ಪುಣ್ಯಾತ್ಮರು, ಮುಖ್ಯವಾಗಿ ಕೇಳಿದ್ದು ಒಂದೇ ಮಾತು, ಅದಕ್ಕೇ ಅವಳು ಎಡವಟ್ಟು ಉತ್ತರ ಕೊಟ್ಟು ಕೂತಳು. ನಾಲ್ಕು ದಿನವಾಯಿತು. ಚಿಲಕ ಹಾಕಿಕೊಂಡ ಮೇಲೆ ಒಳಗಿರುವುದು ತಾನೊಬ್ಬಳೇ ಅನ್ನುವುದು ಎಷ್ಟು ಸ್ಪಷ್ಟವಾಗಿಬಿಡುತ್ತದೆ, ಬಸ್ ಸ್ಟ್ಯಾಂಡಿನಲ್ಲಿ ಹೀಗೆ ಒಂಟಿ ಅನ್ನಿಸಿದ್ದೇ ಇಲ್ಲ, ಗೋಡೆಗೆ ಸುಣ್ಣದ ವಾಸನೆ, ಕೆಮ್ಮಿದರೆ ತನ್ನ ಕೆಮ್ಮು ತನಗೇ ವಾಪಸ್ಸು ಕೇಳುತ್ತದೆ.

ಅವತ್ತು ಚರ್ಚಿನ ಕಮಿಟಿಯ ಕಾಂತರಾಜ್ ಫಾರಂ ತುಂಬುತ್ತಿದ್ದ, ಹೆಸರು, ಯಲ್ಲಮ್ಮ, ವಯಸ್ಸು, ಐವತ್ತೈದೋ ಅರವತ್ತೋ ನೀವೇ ಒಂದು ಬರ್ಕೊಳಿ, ನಿಮ್ಮೋರು ಅಂತ ಯಾರಾದ್ರೂ ಇದಾರೇನಮ್ಮ — ನಮ್ಮೋರು ಅಂದರೆ ಅವಳಿಗೆ ಗೊತ್ತಿದ್ದದ್ದು ನಮ್ಮ ಜನ, ನಮ್ಮ ಕುಲ, ಮದುವೆ ಊಟದಲ್ಲಿ ಇವರು ನಮ್ಮೋರಾ ಎಂದು ಪಿಸುಗುಡುತ್ತಾರಲ್ಲ, ಅದು, ತಕ್ಷಣ ಕಣ್ಣ ಮುಂದೆ ಬಂದವನು ಕೋಟೆ ಬೀದಿಯಲ್ಲಿರುವ ಮೈದುನ, ಗಂಡನ ತಿಥಿಯ ಎಲೆ ಎತ್ತುವ ಮೊದಲೇ ಇನ್ನೆಲ್ಲಿಗೆ ಹೋಗ್ತೀರಾ ಅತ್ತಿಗೆ ಎಂದು ವಿಚಾರಿಸಿದ ಮಹಾನುಭಾವ, ಅವನಿಗೆಲ್ಲಿ ಕಾಗದ ಹಾಕಿಬಿಡುತ್ತಾರೋ ಎಂದು ಅವಸರವಾಗಿ ಹೇಳಿಬಿಟ್ಟಳು, ನಮ್ಮೋರು ಅಂತ ನಂಗೆ ಯಾರೂ ಇಲ್ಲ ಸ್ವಾಮಿ, ಹಂಗೇ ಬರ್ಕೊಳಿ, ಯಾರೂ ಇಲ್ಲ. ಶಿವಮೊಗ್ಗದಿಂದ ಜೊತೆಗೇ ಬಂದಿದ್ದ ವೀರಮ್ಮ ಪಕ್ಕದಲ್ಲೇ ಕೂತಿದ್ದಳು, ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು. ಅವಳ ಕುಲ ಬೇರೆ, ಊರು ಬೇರೆ, ಒಂಬತ್ತು ವರ್ಷ ಶಿವಮೊಗ್ಗ ಬಸ್ ಸ್ಟ್ಯಾಂಡಿನ ಕೊನೆಯ ಪ್ಲಾಟ್‌ಫಾರಂನಲ್ಲಿ ಒಬ್ಬಳು ಉಣ್ಣುವಾಗ ಇನ್ನೊಬ್ಬಳು ಗಂಟುಮೂಟೆ ಕಾದದ್ದು, ಯಲ್ಲಮ್ಮನಿಗೆ ಜ್ವರ ನೆತ್ತಿಗೇರಿದಾಗ ಆಸ್ಪತ್ರೆಗೆ ಹೊತ್ತುಕೊಂಡೇ ಹೋದದ್ದು, ಚೀಟಿ ಬರೆಯುವವನು ಇವರು ನಿನಗೇನಾಗಬೇಕು ಎಂದಾಗ ವೀರಮ್ಮ ಒಂದು ಗಳಿಗೆಯೂ ತಡೆಯಲಿಲ್ಲ, ನಮ್ಮಕ್ಕ, ಎಂದಿದ್ದಳು.

ನಿಮ್ದಮ್ಮ, ಎಂದು ಕಾಂತರಾಜ್ ಅವಳ ಕಡೆ ತಿರುಗಿದ, ವೀರಮ್ಮ ಎದ್ದು ಸೀರೆ ಕೊಡವಿಕೊಂಡು, ನಂದು ಬೇಡ ಬಿಡಿ, ನಾನು ಹೋಗ್ತೀನಿ, ಎಂದಳು, ಬರ್ತೀನಿ ಎನ್ನಲಿಲ್ಲ, ನೀರು ಹಿಡಿಯಲು ಹೋಗುವಾಗಲೂ ಬರ್ತೀನಿ ಕಣಕ್ಕ ಎನ್ನುತ್ತಿದ್ದವಳು, ಹೋಗ್ತೀನಿ ಎಂದಳು, ಯಲ್ಲಮ್ಮನ ಕಿವಿಗೆ ಅದು ಬಿದ್ದೇ ಇಲ್ಲ, ಬೀಗದ ಕೈ ಸಿಕ್ಕ ಸಂಭ್ರಮದಲ್ಲಿ ಎಲೆ ಅಡಿಕೆ ತರಲು ಹೋಗಿದ್ದಾಳೆ ಎಂದುಕೊಂಡಳು ಪೆದ್ದಿ. ಇವತ್ತು ಬೆಳಿಗ್ಗೆ ಚರ್ಚಿನ ಸಿಸ್ಟರ್ ಹತ್ತಿರ ಎಲ್ಲ ಹೇಳಿಕೊಂಡು ಅತ್ತಾಗ ಅವರು, ನಾವು ಕೇಳಿದ್ದು ಜೊತೆಗಿರೋರು ಯಾರು ಅಂತ ಅಮ್ಮ, ಜಾತಿ ಅಲ್ಲ, ಎಂಟನೇ ಕೋಣೆ ಇಬ್ಬರಿಗೆ ಆಗೋದು, ಸಂಜೆ ಆರರವರೆಗೆ ಇಟ್ಟಿರ್ತೀನಿ, ಅವರೇ ಬಂದು ಹೆಬ್ಬೆಟ್ಟು ಒತ್ತಬೇಕು, ಆಮೇಲೆ ಬೇರೆ ಗಂಡ ಹೆಂಡ್ತಿ ಕಾಯ್ತಿದಾರೆ, ಎಂದರು — ಮಲವಗೊಪ್ಪ ದಾಟಿತು, ತುಂಗೆಯ ಸೇತುವೆ ಬಂತು, ಮೊದಲು ಏನನ್ನಬೇಕು, ತಪ್ಪಾಯ್ತು ಅನ್ನಲೇ, ನಮ್ಮೋರು ಅಂದ್ರೆ ನೀನೇ ಕಣೇ ಅನ್ನಲೇ, ಈಗ ಅಂದರೆ ಕೋಣೆಗೋಸ್ಕರ ಅಂದ ಹಾಗಾಗುವುದಿಲ್ಲವೇ.

ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುವ ಉಚ್ಚಂಗಮ್ಮ ಕಟ್ಟುತ್ತಿದ್ದ ಮಾಲೆಯಿಂದ ತಲೆ ಎತ್ತದೆ, ಅಲ್ಲೇ ಮಲಗಿದಾಳೆ ನೋಡು ಮಾರಾಯ್ತಿ, ಯಾರ ಹತ್ರಾನೂ ಮಾತಿಲ್ಲ, ಎಂದಳು, ಮಟಮಟ ಮಧ್ಯಾಹ್ನ, ಹಗಲು ಮಲಗುವವಳಲ್ಲ ವೀರಮ್ಮ, ಕಾಯುವವರಿಲ್ಲದೆ ರಾತ್ರಿ ಕಣ್ಣು ಮುಚ್ಚಲಾರದೆ ಹಗಲು ಮಲಗುತ್ತಿದ್ದಾಳೆ, ಬೆಂಚಿನ ಬುಡದಲ್ಲಿ ಬಾಯಿ ತುಸು ತೆರೆದುಕೊಂಡು, ಯಲ್ಲಮ್ಮ ಕುಕ್ಕರುಗಾಲಲ್ಲಿ ಕೂತು ಭುಜ ಮುಟ್ಟಲು ಕೈ ಚಾಚಿದಳು, ಕೈ ಅಲ್ಲೇ ನಿಂತಿತು. ಮಲಗುವಾಗ ಇಬ್ಬರ ಸೆರಗನ್ನೂ ಸೇರಿಸಿ ವೀರಮ್ಮನೇ ಗಂಟು ಹಾಕುತ್ತಿದ್ದಳು, ಕುಡುಕರು ಯಾರಾದರೂ ಒಬ್ಬಳನ್ನು ಎಳೆದರೆ ಇನ್ನೊಬ್ಬಳಿಗೆ ಎಚ್ಚರವಾಗಲಿ ಎಂದು, ಎರಡು ಸುತ್ತು ಸುತ್ತಿ ಹಲ್ಲಿನಲ್ಲಿ ಕಚ್ಚಿ ಬಿಗಿಯುವ ಗಂಟು, ಅದೇ ಗಂಟು, ಅವಳ ಸೆರಗಿನ ತುದಿಯನ್ನು ಬೆಂಚಿನ ಕಬ್ಬಿಣದ ಕಾಲಿಗೆ ಕಟ್ಟಿದೆ, ಭದ್ರಾವತಿ ಭದ್ರಾವತಿ ಎಂದು ಯಾರೋ ಕೂಗುತ್ತಿದ್ದಾರೆ, ಬಿಚ್ಚಿದರೆ ಎಚ್ಚರವಾಗುತ್ತದೆ, ಎಚ್ಚರವಾಗಿ ಯಾರು ನೀನು ಎಂದರೆ, ಎರಡು ಸುತ್ತು, ಕಬ್ಬಿಣದ ಕಾಲಿಗೆ, ಹಲ್ಲಿನಲ್ಲಿ ಕಚ್ಚಿ ಬಿಗಿದದ್ದು, ಕಬ್ಬಿಣದ ಕಾಲಿಗೆ