ಬದು ಅಳಿಸಿದ ಊರು

ಆ ಮುಂಜಾವಿನ ಚೆಲುವನ್ನು ಏನೆಂದು ಬಣ್ಣಿಸಲಿ, ಸಹೃದಯರೇ! ಊರವರೆಲ್ಲರ ಹೊಲಗಳು ಕೂಡಿ ಒಂದಾಗಿದ್ದ ಆ ವಿಶಾಲ ಧರಿತ್ರಿಯ ಮೇಲೆ ಅರುಣಕಿರಣಗಳು ಇಳಿದಾಗ, ನಡುವೆ ಒಂದು ಬದುವಿಲ್ಲ, ಒಂದು ಗಡಿಕಲ್ಲಿಲ್ಲ. ಬೆಳಕು ಎಲ್ಲಿಯೂ ಎಡವದೆ ದಿಗಂತದವರೆಗೆ ಹರಿದುಹೋಗುತ್ತಿತ್ತು... ಸಹಕಾರ ಬೇಸಾಯಕ್ಕೆ ಸಂಕಲ್ಪ ಮಾಡಿದ ಆ ಜನ, ತಾತ ಮುತ್ತಾತಂದಿರು ಕಟ್ಟಿದ ಬದುಗಳನ್ನು ತಾವೇ ಅಗೆದು ಸಮ ಮಾಡಿದ್ದರು.

ಊರಿನ ಬಿತ್ತನೆಬೀಜ ಕಾಯುವ ಹುಡುಗಿಯೊಬ್ಬಳಿಗೆ ಅದು ಬರಿಯ ಬೇಸಾಯದ ಮಾತಾಗಿರಲಿಲ್ಲ. ಅವಳ ಮನೆಯವರೂ ಪಕ್ಕದ ಹೊಲದವರೂ ಮೊಳದಗಲ ಬದುವಿಗಾಗಿ ತಲೆಮಾರುಗಳಿಂದ ಹಾವು ಮುಂಗುಸಿಯಂತೆ ಬಾಳಿದವರು. ಆ ಹಗೆಯ ಮನೆಯ ಮಗನೆಂದರೆ ಅವಳಿಗೆ ಪ್ರಾಣ! ಬದು ಹೋದರೆ ಹಗೆಯೂ ಹೋದೀತು, ಮದುವೆಗೆ ಅಪ್ಪ ಹ್ಞೂಂ ಎಂದಾನು ಎಂಬ ಆಸೆಯಿಂದ ಇಬ್ಬರೂ ಎಲ್ಲರಿಗಿಂತ ಮುಂದೆ ಗುದ್ದಲಿ ಹಿಡಿದರು. ಉತ್ಸಾಹಕ್ಕೆ ಕಣ್ಣೆಲ್ಲಿ? ಇಳಿಜಾರಿನ ಕೆಳಗೆ ಮಳೆನೀರನ್ನು ತಡೆಯುತ್ತಿದ್ದ ದೊಡ್ಡ ಒಡ್ಡನ್ನೂ ಒಡೆದುಹಾಕಿದರು. ಹಿರಿಯರು ತಡೆಯುವುದಿರಲಿ, ಭೇಷ್ ಎಂದರು.

ಮೊದಲ ಮಳೆ ಸುರಿಯಿತು... ಫಲವತ್ತಾದ ಮಣ್ಣೆಲ್ಲ ಕೆಂಪು ಹೊನಲಾಗಿ ಹಳ್ಳದ ಪಾಲಾಗತೊಡಗಿತು. ಒಡ್ಡಿನ ಬಳಿ ನೆರೆದ ಊರಿನಲ್ಲಿ ಗುಸುಗುಸು ಎದ್ದಿತು. ನಮ್ಮ ಪಾಲು ನಮಗೆ ಕೊಟ್ಟುಬಿಡಿ ಎಂದರು ಕೆಲವರು. ಅಪ್ಪನಂತೂ ಹಳೆಯ ಗಡಿಗೆ ಗೂಟ ಹೊಡೆಯಲು ಹೊರಟೇಬಿಟ್ಟ. ಆ ಗೂಟ ಇಳಿದರೆ ಊರಿನ ಒಗ್ಗಟ್ಟೂ ಮುಗಿಯಿತು, ತನ್ನ ಬಾಳೂ ಮುಗಿಯಿತು ಎಂಬುದು ಹುಡುಗಿಗೆ ಗೊತ್ತಿತ್ತು.

ಅವಳು ಅಪ್ಪನನ್ನು ತಡೆಯಲು ಓಡಲಿಲ್ಲ. ಒಡೆದ ಒಡ್ಡಿನ ನಡುವೆ ಮೊಣಕಾಲುದ್ದ ನೀರಿಗಿಳಿದು ಕಲ್ಲು ಒಟ್ಟತೊಡಗಿದಳು. ಅವಳ ಹುಡುಗನೂ ಇಳಿದ.

"ಅಪ್ಪಾ, ಇದನ್ನ ಒಡೆದಿದ್ದು ನಾವಿಬ್ರು," ಎಂದಳು. "ಬೈಯೋದಾದ್ರೆ ನಮ್ಮನ್ನ ಬೈಯಿ. ಊರನ್ನ ಒಡೀಬೇಡ."

ಅಷ್ಟರಲ್ಲಿ ಹುಡುಗನ ತಂದೆ, ಆ ಹಳೆಯ ವೈರಿ, ತಾನೂ ನೀರಿಗಿಳಿದು, ಒಬ್ಬನ ಕೈಯಲ್ಲಿ ಏಳದ ಬಂಡೆಯೊಂದಕ್ಕೆ ಬೆನ್ನು ಬಾಗಿಸಿದ್ದ. ಅಪ್ಪ ನೋಡಿದ... ನೋಡುತ್ತಲೇ ನಿಂತ... ಆಮೇಲೆ ಗೂಟಗಳನ್ನು ಕೆಳಗಿಟ್ಟು, ಪಂಚೆ ಎತ್ತಿಕಟ್ಟಿ, ಬಂಡೆಯ ಇನ್ನೊಂದು ತುದಿಗೆ ಕೈ ಕೊಟ್ಟ.

"ಮೆಲ್ಲಗೆ, ಬೀಗರೇ," ಎಂದ. "ಸೊಂಟ ಹಿಡ್ಕೊಂಡೀತು."

ಹುಡುಗಿಯ ಕೈಯಲ್ಲಿದ್ದ ಕಲ್ಲು ಜಾರಿ ನೀರಿಗೆ ಬಿತ್ತು. ದಡದ ಮೇಲಿದ್ದವರೆಲ್ಲ ಒಬ್ಬೊಬ್ಬರಾಗಿ ಇಳಿದರು.

ಅಂದು ಎದ್ದ ಒಡ್ಡು ಯಾರ ಹಳೆಯ ಗಡಿಯನ್ನೂ ಲೆಕ್ಕಿಸದೆ, ಇಳಿಜಾರಿಗೆ ಒಪ್ಪುವಂತೆ ಬಳುಕುತ್ತ ಇಂದಿಗೂ ನಿಂತಿದೆ. ಹೊಸಬರು ಬಂದರೆ ಊರವರು ಮೊದಲು ತೋರಿಸುವುದು ಅದನ್ನೇ, ತಮ್ಮ ಪೆದ್ದುತನವನ್ನೂ ಮುಚ್ಚಿಡದೆ, ಎದೆಯುಬ್ಬಿಸಿ! ಕೂಡಿ ಬಾಳಲು ತಪ್ಪೇ ಮಾಡದ ಮಹಾತ್ಮರಾಗಬೇಕಿಲ್ಲ, ಸಹೃದಯರೇ... ಮಾಡಿದ ತಪ್ಪಿನ ನೀರಿಗೆ ಜೊತೆಯಾಗಿ ಇಳಿಯುವಷ್ಟು ಒಲವಿದ್ದರೆ ಸಾಕು.